ಬಸ್ಸಿನ ಪಕ್ಕ ನಿಂತಿದ್ದವನು

ಗುಂಡ್ಲುಪೇಟೆ
೮-೧-೧೯೫೭

ಗೆಳೆಯ ರಂಗನಾಯಕನಿಗೆ ನೀಲಕಂಠಸ್ವಾಮಿಯ ನಮಸ್ಕಾರ.

ನಾನು ಕ್ಷೇಮ. ನೀನೂ ಕ್ಷೇಮವೆಂದು ತಿಳಿದಿದ್ದೇನೆ. ಇಲ್ಲದಿದ್ದರೆ ಮೊದಲು ಈ ರೋಲು ತೊಳೆದು ಆಮೇಲೆ ಹಾಸಿಗೆ ಹಿಡಿ. ಕಂಡಕ್ಟರ್ ಪುಟ್ಟಮಾದುವಿನ ಕೈಯಲ್ಲಿ ಕ್ಯಾಮೆರಾ ಡಬ್ಬಿ ಕಳಿಸಿದ್ದೇನೆ, ಅದರೊಳಗೇ ರೋಲಿದೆ. ನಮ್ಮ ಕರಾರಿನ ಪ್ರಕಾರ ಇನ್ನು ಹದಿನೈದು ದಿನ ಕ್ಯಾಮೆರಾ ಚಾಮರಾಜನಗರದ್ದು. ಎರಡು ಊರಿನ ಮೇಷ್ಟ್ರುಗಳಿಗೆ ಒಂದೇ ಕ್ಯಾಮೆರಾ ಅಂದರೆ ಇಲ್ಲಿ ಹೆಡ್‌ಮಾಸ್ಟರು ಹೊಟ್ಟೆ ಹಿಡಿದು ನಗುತ್ತಾರೆ. ನಗಲಿ ಬಿಡು.

ಒಟ್ಟು ಎಂಟು ಚಿತ್ರ. ಕಣದಲ್ಲಿ ರಾಗಿ ತೂರುವವರು, ಕೆರೆಯಿಂದ ಏಳುವ ಕೊಕ್ಕರೆ, ಎತ್ತಿನ ಓಟ, ಹೀಗೆ ಏಳು. ಓಡುವುದನ್ನು ಹಿಡಿಯಬೇಕೆಂದು ಹೋಗಿ ಎತ್ತಿನ ಬಾಲವಷ್ಟೇ ಸಿಕ್ಕಿರಬೇಕು. ಎಂಟನೆಯದು ಮಾತ್ರ ನೋಡು. ಭಾನುವಾರ ಹೊತ್ತು ಹುಟ್ಟುವ ಮೊದಲೇ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಮಂಜು ಅಂದರೆ ಮಂಜು, ಎದುರಿಗೆ ಬಂದವನ ಬೀಡಿ ಮೊದಲು ಕಾಣುತ್ತಿತ್ತು, ಆಮೇಲೆ ಅವನು. ಕ್ಯಾಮೆರಾವನ್ನು ಕಟ್ಟೆಯ ಮೇಲೆ ಕೂರಿಸಿ, ಗುಂಡಿಯನ್ನು ಒತ್ತಿ ಹಿಡಿದು, ಒಂದರಿಂದ ಆರರವರೆಗೆ ಎಣಿಸಿ ಬಿಟ್ಟೆ. ಅಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದೇ ಇರುತ್ತದೆಯಲ್ಲ, ಓಡಾಡುವವರೆಲ್ಲ ಹೊಗೆಯಾಗಿ ಬರುತ್ತಾರೆಯೋ, ಬರುವುದೇ ಇಲ್ಲವೋ ನೋಡಬೇಕು. ಚೆನ್ನಾಗಿ ಬಂದಿದ್ದರೆ ನನ್ನ ಬುದ್ಧಿ, ಕೆಟ್ಟಿದ್ದರೆ ನೀನು ತೊಳೆದದ್ದು ಸರಿಯಿಲ್ಲ.

ನಿನ್ನ,
ನೀಲಕಂಠ


ಚಾಮರಾಜನಗರ
೧೬-೧-೧೯೫೭

ನೀಲಕಂಠನಿಗೆ ರಂಗನಾಯಕನ ನಮಸ್ಕಾರ.

ಸಂಕ್ರಾಂತಿ ರಜೆಯಲ್ಲಿ ರೋಲು ತೊಳೆದೆ. ರಾಗಿ ತೂರುವವರು ಪರವಾಗಿಲ್ಲ. ಕೊಕ್ಕರೆ ಅಂದೆಯಲ್ಲ, ಅದು ಕೊಕ್ಕರೆಯೋ ಯಾರದೋ ಪಂಚೆಯೋ ಗೊತ್ತಾಗುವುದಿಲ್ಲ. ಎತ್ತಿನ ಬಾಲವೂ ಬಂದಿಲ್ಲ, ಬರೀ ಧೂಳು.

ಎಂಟನೆಯದು ಬಂದಿದೆ. ಒಂದು ಪ್ರತಿಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಎಡಗಡೆ ಮರ ಬಾಗಿಲ ತೋಳಿನಂತೆ ನಿಂತಿದೆ, ನಡುವೆ ಬಸ್ಸು. ಇಂಜಿನ್ ನಡುಗುತ್ತಿದ್ದುದರಿಂದ ಬಸ್ಸಿನ ಬೋರ್ಡು ಕಲಸಿಹೋಗಿದೆ. ಹತ್ತಿಪ್ಪತ್ತು ಜನ ಓಡಾಡಿರಬೇಕು, ಎಲ್ಲ ಹೊಗೆ. ಒಬ್ಬನೇ ಒಬ್ಬ ನೆಟ್ಟಗೆ ಬಂದಿದ್ದಾನೆ: ಬಸ್ಸಿನ ಬಾಗಿಲ ಪಕ್ಕ, ಕಂಬಳಿ ಹೊದ್ದು, ನಮ್ಮ ಕಡೆ ತಿರುಗಿ ನಿಂತವನು. ಮುಖ ಅಷ್ಟು ಸ್ಪಷ್ಟವಿಲ್ಲ.

ಅವನು ಯಾರು? ಅದು ಎಲ್ಲಿಗೆ ಹೋಗುವ ಬಸ್ಸು? ಅವನು ಹತ್ತಿದನೇ? ನೀನು ಮಾತನಾಡಿಸಿದೆಯಾ? ಕೂಡಲೇ ಬರಿ. ಕಾರ್ಡಾದರೂ ಸರಿ.

ರಂಗನಾಯಕ


ಗುಂಡ್ಲುಪೇಟೆ
೨೦-೧-೧೯೫೭

ರಂಗ,

ನಿನ್ನ ಹೊಟ್ಟೆಕಿಚ್ಚು ಕಾಗದದ ಮೇಲೂ ವಾಸನೆ ಹೊಡೆಯುತ್ತಿದೆ ಕಣಯ್ಯ. ‘ಅವನು ಯಾರು, ಮಾತನಾಡಿಸಿದೆಯಾ’ ಅಂದರೆ ಏನರ್ಥ? ನಾನೇ ಯಾರನ್ನೋ ಕರೆದು, ‘ಅಲುಗಬೇಡಪ್ಪ’ ಅಂತ ನಿಲ್ಲಿಸಿದೆ ಅಂತ ತಾನೇ ನಿನ್ನ ಗುಮಾನಿ? ಶಿವನಾಣೆ ಇಲ್ಲ. ನಾನು ಅವನನ್ನು ನೋಡಿಯೇ ಇಲ್ಲ. ಎಣಿಸುವಾಗ ಕಣ್ಣು ಮುಚ್ಚಿಕೊಂಡಿದ್ದೆ, ಎಣಿಕೆ ತಪ್ಪೀತೆಂದು. ಅದು ನಿಮ್ಮೂರಿಗೇ ಬರುವ ಮೊದಲನೆಯ ಬಸ್ಸು, ಪುಟ್ಟಮಾದುವಿನದು. ಅವನು ಹತ್ತಿದನೋ ಬಿಟ್ಟನೋ ನನಗೇನು ಗೊತ್ತು.

ಆದರೆ ಚಿತ್ರ ನಿಂತಿರುವುದೇ ಅವನಿಂದ, ಅದನ್ನು ಒಪ್ಪಿಕೊಳ್ಳಬೇಕು. ಅವನಿಲ್ಲದಿದ್ದರೆ ಅದು ಬರೀ ಮಂಜು.

ಇನ್ನು ಮರದ ವಿಷಯ. ಕಳ್ಳ! ನೀನು ಮಾಡಿದ್ದನ್ನು ನೋಡಿ ಮೊದಲು ಕಣ್ಣುಜ್ಜಿಕೊಂಡೆ, ಆಮೇಲೆ ಗೊತ್ತಾಯಿತು. ನಿಜ ಹೇಳುತ್ತೇನೆ, ನಾನು ಇಟ್ಟದ್ದಕ್ಕಿಂತ ನೀನು ಇಟ್ಟದ್ದೇ ಚೆನ್ನ. ನನಗೆ ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ಹೆಚ್ಚಿಗೆ ಹೊಗಳುವುದಿಲ್ಲ, ನಿನಗೆ ಕೊಂಬು ಬರುತ್ತದೆ.

ನೀಲಕಂಠ


ಚಾಮರಾಜನಗರ
೨೮-೧-೧೯೫೭

ನೀಲಕಂಠ,

ನಿನ್ನ ತಮಾಷೆ ಸಾಕು. ಮರದ ವಿಷಯ ಏನು ಬರೆದಿದ್ದೀಯೋ ಒಂದಕ್ಷರ ತಲೆಗೆ ಹೋಗಲಿಲ್ಲ, ಹೋಗುವ ಸ್ಥಿತಿಯಲ್ಲಿ ತಲೆಯೂ ಇಲ್ಲ.

ಟ್ರೈನಿಂಗಿನಲ್ಲಿದ್ದಾಗ ನಿನಗೆ ‘ಅಣ್ಣ ತೀರಿಕೊಂಡ’ ಅಂತ ಹೇಳಿದ್ದೆ. ಅದು ಸುಳ್ಳು. ಹಾಗೆ ಹೇಳಿದರೆ ಮುಂದಿನ ಪ್ರಶ್ನೆ ಬರುವುದಿಲ್ಲ ಅಂತ ಹೇಳಿದ್ದು. ಅಣ್ಣ ಮುದ್ದನಾಯಕ ಏಳು ವರ್ಷದ ಹಿಂದೆ ಯುಗಾದಿ ಮುಗಿಸಿ ಉಡಿಗಾಲದಿಂದ ವೈನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋದ. ಯಾರ ಕೈಲೋ ಬರೆಸಿದ ಎರಡು ಕಾರ್ಡು ಬಂದವು. ಆಮೇಲೆ ಇಲ್ಲ. ನಾನು ಎರಡು ಸಲ ಹೋಗಿ ಹುಡುಕಿದೆ. ಚಳಿಜ್ವರದಲ್ಲಿ ಹೋದ ಅಂತ ಒಬ್ಬ ಅಂದ, ಊಟಿ ಕಡೆ ಹೋದ ಅಂತ ಇನ್ನೊಬ್ಬ. ಇತ್ತ ಅವ್ವ ಹಾಸಿಗೆ ಹಿಡಿದು ತೀರಿಕೊಂಡಳು. ಅವ್ವನ ಮಲ ಮೂತ್ರ ಬಳಿದದ್ದು, ಹೊಲ ಉಳಿಸಿದ್ದು, ನನ್ನನ್ನು ಓದಿಸಿದ್ದು ಎಲ್ಲ ಅಣ್ಣನ ಹೆಂಡತಿ, ನಮ್ಮತ್ತಿಗೆ.

ನಮ್ಮವರಲ್ಲಿ ಗಂಡನ ಸುದ್ದಿ ಏಳು ವರ್ಷ ಇಲ್ಲದಿದ್ದರೆ ಹೆಂಗಸಿಗೆ ಕೂಡಾವಳಿ ಮಾಡಬಹುದು. ಮರುಮದುವೆ ಅಂತ ಇಟ್ಟುಕೋ. ಈ ಯುಗಾದಿಗೆ ಏಳು ತುಂಬುತ್ತದೆ. ಹರವೆಯ ಚೆಲುವನಾಯಕ ಕೇಳಿ ಕಳಿಸಿದ್ದಾನೆ. ಹೆಂಡತಿ ಸತ್ತವನು, ಒಂದು ಹೆಣ್ಣು ಮಗುವಿದೆ, ಮನುಷ್ಯ ಒಳ್ಳೆಯವನು. ಕೂಡಾವಳಿಯ ದಿನ ಕುಲದ ಯಜಮಾನರು ಎಲ್ಲರ ಮುಂದೆ ಗಂಡನ ಮನೆಯ ಗಂಡಸನ್ನು, ಅಂದರೆ ನನ್ನನ್ನು, ‘ಸುದ್ದಿ ಉಂಟಾ’ ಅಂತ ಮೂರು ಸಲ ಕೇಳುತ್ತಾರೆ. ಮೂರು ಸಲವೂ ಇಲ್ಲ ಅಂದರೆ ಕೂಡಾವಳಿ. ಒಂದು ಸಲ ಉಂಟು ಅಂದರೂ ಅಲ್ಲಿಗೆ ನಿಂತಿತು. ಗಂಡನನ್ನು ಕರೆತರುವ ತನಕ ಅವಳು ಅವನ ಹೆಂಡತಿಯೇ.

ಈಗ ಗೊತ್ತಾಯಿತೇ ನಾನು ಯಾಕೆ ಕೇಳಿದೆ ಅಂತ? ಆ ಚಿತ್ರ ನೀರಿನಿಂದ ಎತ್ತಿದಾಗ ಅಣ್ಣನೇ ಅನ್ನಿಸಿತು. ಚಿಕ್ಕಂದಿನಲ್ಲಿ ಗಾಡಿಯಿಂದ ಬಿದ್ದು ಅಣ್ಣನ ಒಂದು ಹೆಗಲು ಇಳಿದುಬಿಟ್ಟಿತ್ತು. ಇವನಿಗೂ ಒಂದು ಹೆಗಲು ಇಳಿದಿದೆ. ಆದರೆ ಅಣ್ಣನದು ಬಲಗಡೆಯದು. ಭೂತಗನ್ನಡಿ ಹಿಡಿದು ನೋಡಿದೆ, ಇವನದು ಎಡಗಡೆಯದು. ನನ್ನ ನೆನಪೇ ತಪ್ಪೇನೋ ಅಂತ ನಿನ್ನೆ ಊರಿಗೆ ಹೋಗಿ ಅತ್ತಿಗೆಗೆ ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಅಣ್ಣನದು ಬಲಗಡೆ ಹೆಗಲಲ್ಲವೇ?’ ಅಂತ ಕೇಳಿದೆ. ‘ಬಲ್ಗಡೆಯದೇ ಕಣಪ್ಪ. ಇವ್ನಲ್ಲ ಬುಡು’ ಅಂದು ಒಲೆ ಮುಂದೆ ಹೋದರು.

ಅಲ್ಲ ಅಂದಮೇಲೆ ಅಲ್ಲ. ಆದರೂ ಮನಸ್ಸು ತಡೆಯುತ್ತಿಲ್ಲ. ನೀನೊಂದು ಸಲ ವಿಚಾರಿಸು. ಅವನು ಎಲ್ಲಿಯವನು, ಹೆಸರೇನು ಅಷ್ಟು ತಿಳಿದರೆ ಸಾಕು.

ರಂಗ


ಗುಂಡ್ಲುಪೇಟೆ
೧೦-೨-೧೯೫೭

ರಂಗ,

ಇನ್‌ಸ್ಪೆಕ್ಷನ್ ಗಲಾಟೆಯಲ್ಲಿ ಬರೆಯಲಾಗಲಿಲ್ಲ. ನೀನು ಹೇಳಿದವನ ಪತ್ತೆ ಆಗಲಿಲ್ಲ. ಅತ್ತಿಗೆಯವರೇ ಅಲ್ಲ ಅಂದಮೇಲೆ ಆ ವಿಷಯ ಬಿಟ್ಟುಬಿಡು. ಕೂಡಾವಳಿ ನಡೆಯಲಿ, ಒಳ್ಳೆಯದೇ. ಕ್ಯಾಮೆರಾ ಕಳಿಸುವ ಅವಸರವೇನಿಲ್ಲ, ನೀನೇ ಇಟ್ಟುಕೊಂಡಿರು.

ನೀಲಕಂಠ


ಚಾಮರಾಜನಗರ
೨೧-೨-೧೯೫೭

ನೀಲಕಂಠ,

ಕ್ಯಾಮೆರಾ ಬೇಡ ಅಂತ ನೀನು ಬರೆದಾಗಲೇ ಏನೋ ಮುಚ್ಚಿಡುತ್ತಿದ್ದೀಯ ಅಂತ ನನಗೆ ಅನುಮಾನ ಬರಬೇಕಿತ್ತು.

ಅತ್ತಿಗೆ ಕೂಡಾವಳಿಗೆ ಊಂ ಅಂದಿದ್ದಾರೆ. ಆರು ತಿಂಗಳಿಂದ ಹಾ ಇಲ್ಲ, ಹೂ ಇಲ್ಲ, ಆ ಚಿತ್ರ ನೋಡಿದ ವಾರವೇ ಒಪ್ಪಿಕೊಂಡರು. ಅಣ್ಣನಲ್ಲ ಅಂತ ಗೊತ್ತಾದ ಮೇಲೆ ಮನಸ್ಸು ಹಗುರವಾಗಿರಬೇಕು. ಏಪ್ರಿಲ್ ಎಂಟು, ಸೋಮವಾರ. ಇದನ್ನೆಲ್ಲ ಖುಷಿಯಾಗಿಯೇ ಬರೆಯಬೇಕು ಅಂತಿದ್ದೆ.

ನಿನ್ನೆ ನಮ್ಮ ಶಾಲೆಯ ಗುಂಪು ಚಿತ್ರ ಅಚ್ಚು ಹಾಕಿದೆ. ನೋಡಿದರೆ ಶಾಲೆಯ ಬೋರ್ಡಿನ ಅಕ್ಷರಗಳೆಲ್ಲ ಹಿಂದುಮುಂದು, ಕನ್ನಡಿಯಲ್ಲಿ ಕಂಡ ಹಾಗೆ! ಫಿಲ್ಮಿನ ಮಸಾಲೆಯಿರುವ, ಅಂದರೆ ಚಿತ್ರ ಮೂಡುವ ಮಗ್ಗುಲು ಕಾಗದಕ್ಕೆ ತಾಗಬೇಕು, ನಾನು ದೀಪದ ಮಬ್ಬಿನಲ್ಲಿ ಬೆನ್ನು ತಾಗಿಸಿದ್ದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಬಸ್ ಸ್ಟ್ಯಾಂಡಿನ ಚಿತ್ರವನ್ನೂ ಹಾಗೇ ಮಾಡಿದ್ದೆನೇ? ಫಿಲ್ಮನ್ನು ಎಷ್ಟು ತಿರುಗಿಸಿ ನೋಡಿದರೂ ತಿಳಿಯದು, ಯಾವ ಮಗ್ಗುಲು ಮಸಾಲೆಯೋ ಗಾಬರಿಯಲ್ಲಿ ಕೈಗೇ ಗೊತ್ತಾಗುತ್ತಿಲ್ಲ.

ನೀನು ಅಲ್ಲಿದ್ದವನು. ಒಂದೇ ಪ್ರಶ್ನೆ. ಮರ ನಿನ್ನ ಎಡಗಡೆ ಇತ್ತೇ, ಬಲಗಡೆ ಇತ್ತೇ?

ರಂಗ


ಗುಂಡ್ಲುಪೇಟೆ
೨೭-೨-೧೯೫೭

ರಂಗ,

ಬಲಗಡೆ.

ಬೈಯುವ ಮೊದಲು ಪೂರ್ತಿ ಓದು. ನೀನು ಕಳಿಸಿದ ಪ್ರತಿಯಲ್ಲಿ ಮರ ಎಡಕ್ಕೆ ಬಂದಿತ್ತು. ಬೇಕೆಂದೇ ಮಾಡಿದ್ದೀಯ, ಚಿತ್ರ ಚೆನ್ನಾಗಿ ಕಾಣಲಿ ಅಂತ ತಿರುಗಿಸಿದ್ದೀಯ ಅಂದುಕೊಂಡೆ. ಅದಕ್ಕೇ ಕಳ್ಳ ಅಂದದ್ದು. ನಿನ್ನ ಅಣ್ಣನ ಕತೆ ಓದಿ ಹೆಗಲಿನ ಮಾತಿಗೆ ಬಂದಾಗ ನೀನು ಬೇಕೆಂದು ತಿರುಗಿಸಿಲ್ಲ ಅಂತ ಹೊಳೆಯಿತು. ಕೂಡಲೇ ಬರೆಯಬೇಕಾಗಿತ್ತು. ಮೊದಲು ಮನುಷ್ಯನನ್ನು ನೋಡಿಬಿಡೋಣ ಅಂತ ಹೊರಟೆ, ಅದೇ ತಪ್ಪಾಯಿತು.

ಪುಟ್ಟಮಾದುವಿಗೆ ಚಿತ್ರ ತೋರಿಸಿದೆ. ‘ಇವ್ನಾ? ಬಂಡೀಪುರದ ಮರದ ಡಿಪೋದವ್ನು ಕಣ್ ಮೇಷ್ಟ್ರೇ. ತಿಂಗ್ಳಿಗೊಂದ್ಸಲ ಬತ್ತಾನೆ. ಬಸ್ ಪಕ್ದಲ್ಲಿ ನಿಂತ್ಕತಾನೆ. ಅತ್ಲಾ ಅಂದ್ರೆ ಅತ್ತಲ್ಲ, ಓಗ್ಲಾ ಅಂದ್ರೆ ಓಗಲ್ಲ. ಬಸ್ ಒಂಟ್ಮೇಕೆ ವಾಪಸ್ ಓಯ್ತಾನೆ’ ಅಂದ. ಮುಂದಿನ ಭಾನುವಾರ ಬಂಡೀಪುರಕ್ಕೆ ಹೋದೆ. ಅಲ್ಲಿ ಎಲ್ಲರೂ ಅವನನ್ನು ಮಾದ ಅನ್ನುತ್ತಾರೆ. ದಿಮ್ಮಿ ಹೊರುತ್ತಿದ್ದ. ಬಲಗಡೆ ಹೆಗಲು ಇಳಿದಿದೆ. ಕಣ್ಣು ನಿನ್ನವೇ, ರಂಗ, ಆಣೆ ಮಾಡಿ ಹೇಳುತ್ತೇನೆ.

‘ಉಡಿಗಾಲದ ಮುದ್ದನಾಯಕ ನೀನೇ ತಾನೇ?’ ಅಂದೆ. ಹೊತ್ತ ದಿಮ್ಮಿ ಇಳಿಸಲಿಲ್ಲ. ‘ನಾನವ್ನಲ್ಲ ಸಾಮಿ. ಆ ಊರೇ ನಂಗೊತ್ತಿಲ್ಲ’ ಅಂದ. ಆಚೆ ಗುಡಿಸಲಿನಿಂದ ಒಬ್ಬ ಹೆಂಗಸು, ಸೊಂಟದಲ್ಲಿ ಮಗು, ಮಲಯಾಳದಲ್ಲಿ ಏನೋ ಕೂಗಿದಳು. ಅವನೂ ಮಲಯಾಳದಲ್ಲೇ ಏನೋ ಹೇಳಿದ. ಆಮೇಲೆ ನನ್ನ ಹತ್ತಿರ ಬಂದು, ಮೆಲ್ಲಗೆ, ‘ನೀವು ನನ್ನ ನೋಡ್ನಿಲ್ಲ ಅಂತ ಅಂದ್ಕಬುಡಿ ಸಾಮಿ’ ಅಂದ.

ಬಂದವನೇ ನಿನಗೆ ನಾಲ್ಕು ಕಾಗದ ಬರೆದು ನಾಲ್ಕನ್ನೂ ಹರಿದೆ. ನಿಮ್ಮತ್ತಿಗೆ ಅಲ್ಲ ಅಂದಿದ್ದಾರೆ, ಅವನೂ ಅಲ್ಲ ಅನ್ನುತ್ತಾನೆ. ಇಬ್ಬರೂ ಬೇಡ ಅಂದದ್ದನ್ನು ನಡುವೆ ನಿಂತು ಹೌದು ಅನ್ನಲು ನಾನು ಯಾರು ಅನ್ನಿಸಿತು. ಆಕೆ ಅಲ್ಲ ಅಂದದ್ದು ತಿರುಗಿದ ಚಿತ್ರ ನೋಡಿ ಅಂತ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡೆ. ತಪ್ಪೋ ಸರಿಯೋ ಇವತ್ತಿಗೂ ತಿಳಿಯುತ್ತಿಲ್ಲ. ತಪ್ಪಾಗಿದ್ದರೆ ಕ್ಷಮಿಸು.

ನೀಲಕಂಠ


ಗುಂಡ್ಲುಪೇಟೆ
೨೫-೩-೧೯೫೭

ರಂಗ,

ತಿಂಗಳಾಗುತ್ತಾ ಬಂತು, ಒಂದು ಕಾರ್ಡೂ ಇಲ್ಲ. ಕೋಪವಿದ್ದರೆ ಬೈದಾದರೂ ಬರಿ. ಅತ್ತಿಗೆಗೆ ಹೇಳಿದೆಯಾ? ಯಜಮಾನರಿಗೆ ಏನು ಹೇಳುತ್ತೀಯ? ನೀನು ಏನಾದರೂ ಕಳಿಸಿದ್ದೀಯೇನೋ ಅಂತ ಪುಟ್ಟಮಾದು ಬಂದಾಗಲೆಲ್ಲ ಅವನ ಕೈ ನೋಡುತ್ತೇನೆ.

ನೀಲಕಂಠ


ಚಾಮರಾಜನಗರ
೧೦-೪-೧೯೫೭

ನೀಲಕಂಠ,

ಕೋಪ ಇತ್ತು. ಈಗ ಅದೂ ಇಲ್ಲ. ಏನಿದೆ ಅಂತ ಕೇಳಿದರೆ ಹೇಳಲೂ ಬರುವುದಿಲ್ಲ.

ನಿನ್ನ ಕಾಗದ ಬಂದ ಮೇಲೆ ಎರಡು ಸಲ ಗುಂಡ್ಲುಪೇಟೆಯ ಬಸ್ಸು ಹತ್ತಿ ಕೂತು ಎರಡು ಸಲವೂ ಇಳಿದೆ. ಅಣ್ಣನನ್ನು ಕಣ್ಣಾರೆ ನೋಡಿಬಿಟ್ಟರೆ ಯಜಮಾನರ ಮುಂದೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ನೋಡದಿದ್ದರೆ ಅನ್ನಬಹುದೇ? ಅದೂ ಗೊತ್ತಿಲ್ಲ. ಹೇಳಿದರೆ ಅತ್ತಿಗೆಯ ಬದುಕು ನಿಂತುಹೋಗುತ್ತದೆ, ಹೇಳದಿದ್ದರೆ ನಾನು ಅಣ್ಣನನ್ನು ಬದುಕಿದ್ದ ಹಾಗೇ ಹೂಳಿದಂತೆ. ಪಾಠ ಮಾಡುತ್ತಾ ಮಾಡುತ್ತಾ ಮಗ್ಗಿ ಮರೆತು ನಿಂತಿದ್ದೇನೆ, ಮಕ್ಕಳು ನಕ್ಕರು.

ಕೊನೆಗೆ, ಹೇಳದೆ ಕೊಟ್ಟರೆ ಅತ್ತಿಗೆಗೆ ಮೋಸ ಮಾಡಿದಂತೆ ಅನ್ನಿಸಿತು. ಕೂಡಾವಳಿಯ ಹಿಂದಿನ ದಿನ, ಭಾನುವಾರ, ಚಿತ್ರವನ್ನು ಸರಿಯಾದ ಮಗ್ಗುಲಲ್ಲಿ ಅಚ್ಚು ಹಾಕಿ ತೆಗೆದುಕೊಂಡು ಹೋದೆ. ಅತ್ತಿಗೆ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದರು. ‘ಅತ್ತಿಗೆ, ಮೊದಲು ತೋರಿಸಿದ್ದು ತಿರುವುಮುರುವಾಗಿತ್ತು, ನನ್ನದೇ ತಪ್ಪು. ಹೆಗಲು ಬಲಗಡೆಯದೇ’ ಅಂತ ಮುಂದೆ ಹಿಡಿದೆ. ಅವರು ಚಿತ್ರ ಈಸಿಕೊಳ್ಳಲೇ ಇಲ್ಲ.

‘ಗೊತ್ತು ಕಣ್ ರಂಗಪ್ಪ’ ಅಂದರು. ‘ಆವತ್ತೇ ಗೊತ್ತಾಯ್ತು. ನೀನು ಎಗ್ಲು ಎಗ್ಲು ಅಂತಿದ್ದೆ. ನಾನು ಎಗ್ಲ ನೋಡ್ನಿಲ್ಲ, ನಿಂತಿರೋದ ನೋಡ್ದೆ. ಎಲ್ರೂ ಓಡ್ತಾವ್ರೆ, ಅವ್ನು ಅತ್ನಾ ಬ್ಯಾಡ್ವಾ ಅಂತ ನಿಂತವ್ನೆ. ಮನೆ ಬುಟ್ಟು ಓದಾಗ್ಲೂ ಇಂಗೇ ಬಾಗ್ಲಲ್ಲಿ ನಿಂತಿದ್ದ, ಓಗು ಅಂತ ನಾನೇ ಅನ್ಲಿ ಅಂತ. ಅಂದೆ. ಓದ.’

‘ಮತ್ತೆ ಅಲ್ಲ ಅಂತ ಯಾಕಂದ್ರಿ?’ ಅಂದೆ. ನನ್ನ ಧ್ವನಿ ಏರಿತ್ತು.

‘ಸತ್ತೋಗವ್ನೆ ಅಂದ್ಕಂಡಿದ್ದೆ ಕಣಪ್ಪ. ಸತ್ತವ್ನ್ ಎಡ್ತಿ ಅಂತ ಈ ಮನೇಲೇ ಇದ್ಬುಡನ ಅಂತಿದ್ದೆ. ಗುಂಡ್ಲುಪೇಟೆಯಿಂದ ಉಡಿಗಾಲಕ್ಕೆ ಎಷ್ಟು ದೂರ? ಬಸ್ ಪಕ್ದಲ್ಲೇ ನಿಂತು ಬರ್ನಿಲ್ವಲ್ಲ! ಬದ್ಕವ್ನೆ ಅಂತ ಗೊತ್ತಾದ್ಮೇಕೇ ನಾನು ಊಂ ಅಂದದ್ದು. ಇನ್ನು ನಿನ್ ಬಾಯಿ ನಿಂದು. ಉಂಟು ಅಂದ್ರೂ ನಾ ಬೇಜಾರ್ ಮಾಡ್ಕಳಲ್ಲ.’ ಇಷ್ಟು ಹೇಳಿ ಮೊರ ಎತ್ತಿಕೊಂಡರು. ಕಣ್ಣಲ್ಲಿ ನೀರಿರಲಿಲ್ಲ. ನನಗೇ ಬಂತು.

ಸೋಮವಾರ ಕುಲದವರು ಕೂತರು. ಯಜಮಾನ ದೊಡ್ಡಬೀರಯ್ಯನವರು ಕೇಳಿದರು, ‘ನಿಮ್ಮಣ್ಣನ್ ಸುದ್ದಿ ಉಂಟೇನಪ್ಪ?’ ಇಲ್ಲ ಅಂದೆ. ಎರಡನೆಯ ಸಲವೂ ಅಂದೆ. ಮೂರನೆಯ ಸಲ ಉಂಟು ಅಂದುಬಿಡಲೇ ಅನ್ನಿಸಿತು. ನನಗೆ ಅಣ್ಣ ಬೇಕಾಗಿತ್ತು ಕಣೋ ನೀಲಕಂಠ. ಚಿಕ್ಕವನಿದ್ದಾಗ ನನ್ನನ್ನು ಶಾಲೆಗೆ ಹೊತ್ತುಕೊಂಡು ಹೋದವನು ಅವನು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ಅತ್ತಿಗೆಯೊಬ್ಬರು ನೆಲ ನೋಡುತ್ತಿದ್ದರು. ಇಲ್ಲ ಅಂದುಬಿಟ್ಟೆ, ಜೋರಾಗಿ. ಅತ್ತಿಗೆ ಅಣ್ಣ ಕಟ್ಟಿದ ತಾಳಿಯನ್ನು ನನ್ನ ಅಂಗೈಗೆ ಹಾಕಿದರು. ಸಂಜೆಗೆ ಹರವೆಯ ಗಾಡಿ ಹತ್ತಿದರು. ಚೆಲುವನಾಯಕನ ಹೆಣ್ಣು ಮಗು ಆಗಲೇ ಅವರ ಸೆರಗು ಹಿಡಿದುಕೊಂಡಿತ್ತು.

ಗಂಡ ಸತ್ತಿದ್ದರೆ ಆ ತಾಳಿಯನ್ನು ಕೆರೆಗೆ ಬಿಡುತ್ತಾರೆ. ನಾನು ಕೆರೆಯ ತನಕ ಹೋಗಿ ಬಂದೆ, ಕೈ ಬರಲಿಲ್ಲ. ಬದುಕಿದ್ದರೆ ಅದು ಗಂಡನ ಕೈ ಸೇರಬೇಕು. ಕ್ಯಾಮೆರಾ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಆ ಮಾದನಿಗೆ ಕೊಡು. ನನ್ನ ಹೆಸರು ಹೇಳಬೇಡ, ಏನೂ ಕೇಳಬೇಡ. ಅವನು ನಿಜವಾಗಿಯೂ ನಮ್ಮಣ್ಣನಲ್ಲದಿದ್ದರೆ ಈಸಿಕೊಳ್ಳುವುದಿಲ್ಲ, ಆಗ ನೀನೇ ಅಲ್ಲೆಲ್ಲಾದರೂ ಹರಿಯುವ ನೀರಿಗೆ ಬಿಟ್ಟುಬಿಡು.

ರಂಗ


ಗುಂಡ್ಲುಪೇಟೆ
೧೫-೪-೧೯೫೭

ರಂಗ,

ನಿನ್ನೆ ಹೋಗಿದ್ದೆ. ಡಿಪೋದ ಆಚೆ ಲಾರಿಗೆ ದಿಮ್ಮಿ ತುಂಬುತ್ತಿದ್ದರು. ನನ್ನನ್ನು ಕಂಡು ಮಾದ ತಾನೇ ಈ ಕಡೆ ಬಂದ. ಮಾತಾಡದೆ ಗಂಟನ್ನು ಕೊಟ್ಟೆ. ಬಿಚ್ಚಿ ನೋಡಿದ. ಹಾಗೇ ಮುಚ್ಚಿದ.

‘ಇದು ನಂದಲ್ಲ ಸಾಮಿ’ ಅಂದ.

ಹಿಂದಕ್ಕೆ ಕೊಡಲಿ ಅಂತ ಕೈ ಚಾಚಿದೆ. ಅವನು ಮುಷ್ಟಿ ಬಿಚ್ಚಲಿಲ್ಲ. ಲಾರಿಯವನು ಎರಡು ಸಲ ಕೂಗಿದ. ನೀನು ಏನೂ ಕೇಳಬೇಡ ಅಂದಿದ್ದೆ, ನಾನು ಕೇಳಲಿಲ್ಲ. ಅವನೇ ಕೇಳಿದ.

‘ಯಾವೂರ್ಗೆ ಕೊಟ್ರು?’

ಊರಿನ ಹೆಸರೊಂದನ್ನೇ ಹೇಳಿದೆ. ಹರವೆ ಅಂತ.

ತಲೆಯಾಡಿಸಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ‘ಅರವೆ ನೀರು ಸೀ ಕಣ್ ಸಾಮಿ’ ಅಂದ. ‘ಅವ್ಳಿಗೆ ಉಡಿಗಾಲದ ಉಪ್ನೀರು ಒಗ್ತಾನೇ ಇರ್ನಿಲ್ಲ.’

ಅಷ್ಟು ಹೇಳಿ ದಿಮ್ಮಿ ಹೊರಲು ಹೋದ.

ನೀಲಕಂಠ